ಚಂದ್ರನ 14 ದಿನದ ರಾತ್ರಿಗೆ ಬಿಸಿಲನ್ನೇ ಕೂಡಿಡಬಹುದೇ? ನೌಕೆಗಳ ಸೌರಶಾಖ ವಿದ್ಯುತ್ ವ್ಯವಸ್ಥೆ ಬಗ್ಗೆ ಇಲ್ಲಿದೆ ಮಾಹಿತಿ

ಪುಣೆ: ಇಲ್ಲಿನ ಕೋಥರೂಡ ಬಡಾವಣೆಯ ಹೌಸಿಂಗ್ ಸೊಸೈಟಿಗಳ ತಾರಸಿಯಲ್ಲಿ ಎರಡು ಬಗೆಯ ಸೌರ ಉಪಕರಣಗಳು ಕಾಣಸಿಗುತ್ತವೆ. ಒಂದು, ಕಪ್ಪು-ನೀಲಿ ಬಣ್ಣದ ಸೌರ ಫಲಕ. ಬಿಸಿಲು ಬಿದ್ದಷ್ಟು ಹೊತ್ತು ವಿದ್ಯುತ್, ಮೋಡ ಕವಿದರೆ ಅದೂ ಇಲ್ಲ. ಇನ್ನೊಂದು, ಕೊಳವೆಗಳ ಸಾಲಿನ ಮೇಲೆ ಮಲಗಿರುವ ಉರುಟು ಟ್ಯಾಂಕಿನ ವಾಟರ್ ಹೀಟರ್. ಅದು ಮಧ್ಯಾಹ್ನದ ಬಿಸಿಲನ್ನು ಹಿಡಿದಿಟ್ಟುಕೊಂಡು ಮರುದಿನ ಬೆಳಗಿನ ಸ್ನಾನಕ್ಕೆ ಕೊಡುತ್ತದೆ. ಮೊದಲನೆಯದು ಬೆಳಕನ್ನು ನೇರ ವಿದ್ಯುತ್ ಮಾಡುತ್ತದೆ, ಎರಡನೆಯದು ಬಿಸಿಲನ್ನು ಶಾಖವಾಗಿಯೇ ಉಳಿಸಿಕೊಳ್ಳುತ್ತದೆ.

ಬಾಹ್ಯಾಕಾಶ ನೌಕೆಗಳಲ್ಲಿ ಇವತ್ತು ನಾವು ನೋಡುವುದೆಲ್ಲ ಮೊದಲನೇ ಬಗೆ. ರೆಕ್ಕೆಯಂತೆ ಚಾಚಿದ ಸೌರ ಫಲಕ, ಒಳಗೊಂದು ಬ್ಯಾಟರಿ. ಆದರೆ ಎರಡನೇ ಬಗೆಯನ್ನು ಕಕ್ಷೆಗೆ ಒಯ್ಯಲು ದಶಕಗಳ ಕಾಲ ಗಂಭೀರ ಪ್ರಯತ್ನ ನಡೆದಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಯಂತ್ರ ತಯಾರಾಗಿ, ನೆಲದ ಮೇಲಿನ ಪರೀಕ್ಷೆಯಲ್ಲಿ ಪಾಸೂ ಆಗಿತ್ತು. ಹಾರಲಿಲ್ಲ, ಅಷ್ಟೇ. ಈಗ ಚಂದ್ರನ ರಾತ್ರಿಯ ಕಾರಣಕ್ಕೆ ಆ ಮಾತು ಮತ್ತೆ ಕೇಳಿಬರುತ್ತಿದೆ. ಆ ರಾತ್ರಿಯ ಬಿಸಿ (ಬಿಸಿಯಲ್ಲ, ಚಳಿ ಎನ್ನಬೇಕು) ಭಾರತಕ್ಕೂ ತಟ್ಟಿದೆ.

ವಿಕ್ರಮ್ ಮಲಗಿದ್ದು, ಏಳದಿದ್ದು

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದತ್ತಣ ಪ್ರದೇಶದಲ್ಲಿ ಇಳಿಯಿತು. ಲ್ಯಾಂಡರ್‌ನ ಸೌರ ಫಲಕಗಳ ಸಾಮರ್ಥ್ಯ 738 ವ್ಯಾಟ್, 26 ಕೆ.ಜಿ. ತೂಕದ ಪ್ರಜ್ಞಾನ್ ರೋವರ್‌ನದು 50 ವ್ಯಾಟ್. ಇಳಿದಾಗ ಅಲ್ಲಿ ಬೆಳಗಿನ ಹೊತ್ತು. ಸೆಪ್ಟೆಂಬರ್ 2ರಂದು ಪ್ರಜ್ಞಾನ್ ಅನ್ನೂ, 4ರಂದು ವಿಕ್ರಮ್ ಅನ್ನೂ ಇಸ್ರೋ 'ಮಲಗಿಸಿತು'. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ರಿಸೀವರ್ ಮಾತ್ರ ಚಾಲೂ ಇಟ್ಟು, ಮುಂದಿನ ಸೂರ್ಯೋದಯಕ್ಕೆ ಕಾಯಲಾಯಿತು. ಸೆಪ್ಟೆಂಬರ್ 22ರಂದು ಸಂಪರ್ಕಕ್ಕೆ ಯತ್ನಿಸಿದಾಗ ಎರಡೂ ಕಡೆಯಿಂದ ಸಿಗ್ನಲ್ ಬರಲಿಲ್ಲ.

ಇದನ್ನು ವೈಫಲ್ಯ ಎನ್ನುವಂತಿಲ್ಲ. ಯೋಜನೆಯ ಅವಧಿಯೇ ಒಂದು ಚಾಂದ್ರ ಹಗಲು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 14 ದಿನ. ಅದರ ನಂತರ ಬರುವ ರಾತ್ರಿಯೂ ಅಷ್ಟೇ ಉದ್ದ, ಸುಮಾರು 354 ಗಂಟೆ. ನೆಲದ ತಾಪಮಾನ ಮೈನಸ್ 150 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುತ್ತದೆ. ಆ ಚಳಿಗೆ ಲಿಥಿಯಂ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟುತ್ತದೆ, ಸರ್ಕ್ಯೂಟ್ ಬೋರ್ಡ್‌ಗಳ ಬೆಸುಗೆ ಕುಗ್ಗಿ ಬಿರುಕು ಬಿಡುತ್ತದೆ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಿದರೆ ಆಗದೇ? ಒಂದು ಸಣ್ಣ ಲೆಕ್ಕ ನೋಡಿ. ಉಪಕರಣಗಳ ಪೆಟ್ಟಿಗೆಯನ್ನು ಬೆಚ್ಚಗಿಡಲು ಬರೀ 20 ವ್ಯಾಟ್ ಸಾಕು ಎಂದುಕೊಳ್ಳೋಣ. ಮನೆಯ ಒಂದು ಎಲ್‌ಇಡಿ ಟ್ಯೂಬ್‌ಲೈಟ್‌ನಷ್ಟು. 354 ಗಂಟೆಗೆ ಬೇಕಾಗುವುದು ಸುಮಾರು 7 ಯೂನಿಟ್, ಅಂದರೆ 7 ಕಿಲೋವ್ಯಾಟ್ ಗಂಟೆ. ಕೆ.ಜಿ.ಗೆ 150 ವ್ಯಾಟ್ ಗಂಟೆ ಹಿಡಿಯುವ ಬ್ಯಾಟರಿಯಾದರೆ ಸುಮಾರು 47 ಕೆ.ಜಿ. ಬೇಕು. ಅದು ಇಡೀ ಪ್ರಜ್ಞಾನ್ ರೋವರ್‌ನ ತೂಕಕ್ಕಿಂತ ಹೆಚ್ಚು.

ವಿದ್ಯುತ್ತಿನ ಚಿಂತೆ ಭಾರತದ ಬಾಹ್ಯಾಕಾಶ ಯಾನದಷ್ಟೇ ಹಳೆಯದು. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಯು.ಆರ್. ರಾವ್ ನೇತೃತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತಿದ್ದೂ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡ ವಿದ್ಯುತ್ ವ್ಯವಸ್ಥೆಯ ದೋಷದಿಂದಲೇ.

ಸೌರಶಾಖ ವ್ಯವಸ್ಥೆ ಎಂದರೇನು?

ತತ್ತ್ವ ಸರಳ. ಬಟ್ಟಲಿನಂತೆ ಬಾಗಿದ ದೊಡ್ಡ ಕನ್ನಡಿ ಬಿಸಿಲನ್ನು ಒಂದು ಸಣ್ಣ ಕಿಂಡಿಗೆ ಕೇಂದ್ರೀಕರಿಸುತ್ತದೆ. ಕಿಂಡಿಯ ಹಿಂದೆ ಇರುವುದೇ ಶಾಖಗ್ರಾಹಿ, ಅಂದರೆ ರಿಸೀವರ್. ಅದರೊಳಗಿನ ಕೊಳವೆಗಳಲ್ಲಿ ಹರಿಯುವ ಅನಿಲ ಕಾದು ಹಿಗ್ಗಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರ್ ತಿರುಗಿಸುತ್ತದೆ. ಅನಿಲ ನಂತರ ತಂಪಾಗಿ, ಮತ್ತೆ ಒತ್ತಡಕ್ಕೊಳಗಾಗಿ, ಮತ್ತೆ ರಿಸೀವರ್‌ಗೆ ಮರಳುತ್ತದೆ. ಇದಕ್ಕೆ ಬ್ರೇಟನ್ ಚಕ್ರ ಎನ್ನುತ್ತಾರೆ. ವಿಮಾನದ ಜೆಟ್ ಎಂಜಿನ್ ಕೆಲಸ ಮಾಡುವುದೂ ಇದೇ ಚಕ್ರದಲ್ಲಿ. ವ್ಯತ್ಯಾಸವೆಂದರೆ ಜೆಟ್ ಎಂಜಿನ್ ಗಾಳಿ ಎಳೆದುಕೊಂಡು ಹೊರಗೆ ಬಿಡುತ್ತದೆ, ಇಲ್ಲಿ ಅದೇ ಅನಿಲ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಅಂದರೆ ಇದು ಉಷ್ಣ ಎಂಜಿನ್. ಕೋಥರೂಡದವರಿಗೆ ಈ ಪದ ಹೊಸತಲ್ಲ. ಇಲ್ಲಿನ ಕಮ್ಮಿನ್ಸ್ ಕಾರ್ಖಾನೆ 1960ರ ದಶಕದಿಂದ ಡೀಸೆಲ್ ಎಂಜಿನ್‌ಗಳಿಗೆ ಹೆಸರುವಾಸಿ. ಅದು ಕಿರ್ಲೋಸ್ಕರ್ ಕಮ್ಮಿನ್ಸ್ ಎಂದೇ ಶುರುವಾದದ್ದು. ಆ ಕಿರ್ಲೋಸ್ಕರ್ ಮನೆತನದ ಉದ್ಯಮದ ಮೊದಲ ಅಂಗಡಿ ಇದ್ದದ್ದು ನಮ್ಮ ಬೆಳಗಾವಿಯಲ್ಲಿ. ಕರೆಂಟ್ ಹೋದಾಗ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗುಡುಗುವ ಡೀಸೆಲ್ ಜನರೇಟರ್‌ಗೂ ಬಾಹ್ಯಾಕಾಶದ ಈ ಯಂತ್ರಕ್ಕೂ ಮೂಲ ನಿಯಮ ಒಂದೇ: ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಶಾಖ ಹರಿಯುವಾಗ ಅದರ ಒಂದು ಪಾಲನ್ನು ಕೆಲಸಕ್ಕೆ ಹಚ್ಚುವುದು. ಡೀಸೆಲ್ ಜಾಗದಲ್ಲಿ ಬಿಸಿಲು. ಆದರೆ ಮಿಕ್ಕ ಶಾಖವನ್ನು ಹೊರಹಾಕಲು ಅಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ. ಅಗಲವಾದ ರೇಡಿಯೇಟರ್ ಹಲಗೆಗಳಿಂದ ಶಾಖವನ್ನು ಖಾಲಿ ಆಕಾಶಕ್ಕೆ ವಿಕಿರಣವಾಗಿ ಬಿಡಬೇಕು. ಫಲಕಗಳ ರೆಕ್ಕೆ ತಪ್ಪಿಸಲು ಹೋದರೆ ರೇಡಿಯೇಟರ್ ರೆಕ್ಕೆ ಬಂದು ಕೂರುತ್ತದೆ.

ಕತ್ತಲಾದಾಗ ಉಪ್ಪು ಹೆಪ್ಪುಗಟ್ಟುತ್ತದೆ

ಭೂಮಿಗೆ ಹತ್ತಿರದ ಕಕ್ಷೆಯಲ್ಲಿರುವ ನೌಕೆ ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು ಹಾಕುತ್ತದೆ. ಅದರಲ್ಲಿ 35 ನಿಮಿಷದಷ್ಟು ಹೊತ್ತು ಭೂಮಿಯ ನೆರಳು. ದಿನಕ್ಕೆ 15-16 ಸಲ ರಾತ್ರಿ! ಆ 35 ನಿಮಿಷ ಟರ್ಬೈನ್ ತಿರುಗುತ್ತಲೇ ಇರಬೇಕಾದರೆ ಹಗಲಿನ ಶಾಖದ ಒಂದು ಭಾಗ ಎಲ್ಲಿಯಾದರೂ ಉಳಿದಿರಬೇಕು.

ಇಲ್ಲಿ ಬರುವುದೇ ಉಪ್ಪು. ಅಡುಗೆ ಉಪ್ಪಲ್ಲ, ಲಿಥಿಯಂ ಫ್ಲೋರೈಡ್ ಮತ್ತು ಕ್ಯಾಲ್ಸಿಯಂ ಫ್ಲೋರೈಡ್‌ಗಳ ಮಿಶ್ರಣ. ಇದು ಸುಮಾರು 767 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗುವಾಗ ಪ್ರತಿ ಕೆ.ಜಿ. ಉಪ್ಪು ಸುಮಾರು 790 ಕಿಲೋಜೂಲ್ ಶಾಖ ನುಂಗುತ್ತದೆ, ಹೆಪ್ಪುಗಟ್ಟುವಾಗ ಅಷ್ಟನ್ನೂ ಮರಳಿ ಕೊಡುತ್ತದೆ. ಮಂಜುಗಡ್ಡೆ ಕರಗಲು ಬೇಕಾದ ಶಾಖದ ಎರಡು ಪಟ್ಟಿಗಿಂತ ಹೆಚ್ಚು. ಇದರ ಇನ್ನೊಂದು ಗುಣ ಎಂಜಿನಿಯರ್‌ಗಳಿಗೆ ಬಲು ಇಷ್ಟ. ಪೂರ್ತಿ ಕರಗುವವರೆಗೆ, ಹಾಗೆಯೇ ಪೂರ್ತಿ ಗಟ್ಟಿಯಾಗುವವರೆಗೆ ತಾಪಮಾನ ಹೆಚ್ಚುಕಡಿಮೆ ಅದೇ 767ರಲ್ಲೇ ನಿಂತಿರುತ್ತದೆ. ಹಗಲಿರಲಿ ರಾತ್ರಿಯಿರಲಿ, ಟರ್ಬೈನ್‌ಗೆ ಸಿಗುವ ಅನಿಲದ ಬಿಸಿ ಬಹಳ ಏರುಪೇರಾಗುವುದಿಲ್ಲ.

ಒಂದು ಕಿಲೋವ್ಯಾಟ್ ವಿದ್ಯುತ್ತನ್ನು 35 ನಿಮಿಷ ಕೊಡಬೇಕು, ಶಾಖದ ನಾಲ್ಕನೇ ಒಂದು ಭಾಗ ಮಾತ್ರ ವಿದ್ಯುತ್ ಆಗುತ್ತದೆ ಎಂದಿಟ್ಟುಕೊಂಡರೂ, 11 ಕೆ.ಜಿ.ಯಷ್ಟು ಉಪ್ಪು ಸಾಕಾಗುತ್ತದೆ. ಅದರ ಡಬ್ಬಿ, ಹೊದಿಕೆಯ ತೂಕ ಬೇರೆ. ಮುಖ್ಯ ಸಂಗತಿ ಏನೆಂದರೆ ಕರಗುವುದು, ಗಟ್ಟಿಯಾಗುವುದು ಎಷ್ಟು ಸಾವಿರ ಸಲ ನಡೆದರೂ ಉಪ್ಪಿನ ಗುಣ ಹಾಳಾಗುವುದಿಲ್ಲ. ಬ್ಯಾಟರಿ ಹಾಗಲ್ಲ. ವರ್ಷಕ್ಕೆ 5,500ಕ್ಕೂ ಹೆಚ್ಚು ಬಾರಿ ಚಾರ್ಜ್-ಡಿಸ್ಚಾರ್ಜ್ ಆಗುವ ನೌಕೆಯ ಬ್ಯಾಟರಿ ಬೇಗ ಸವೆಯದಿರಲಿ ಎಂದು ಅದರ ಒಂದು ಭಾಗವನ್ನಷ್ಟೇ ಬಳಸಿ ಉಳಿದದ್ದನ್ನು ಸುಮ್ಮನೆ ಹೊತ್ತು ತಿರುಗಬೇಕಾಗುತ್ತದೆ.

ಕೊಬ್ಬರಿ ಎಣ್ಣೆ ಬಾಟಲಿಯ ಪಾಠ

ಕೇಳಲು ಇಷ್ಟು ಚೆನ್ನಾಗಿರುವ ಉಪ್ಪಿಗೆ ಒಂದು ಕೆಟ್ಟ ಚಾಳಿಯಿದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದಾಗ ಬಾಟಲಿಯ ನಡುವೆ ಒಂದು ಗುಳಿ ಬೀಳುವುದನ್ನು ನೀವು ನೋಡಿರುತ್ತೀರಿ. ಗಟ್ಟಿಯಾಗುವಾಗ ಎಣ್ಣೆ ಕುಗ್ಗುತ್ತದೆ, ಕುಗ್ಗಿದಷ್ಟು ಜಾಗ ಖಾಲಿಯಾಗುತ್ತದೆ. ಫ್ಲೋರೈಡ್ ಉಪ್ಪು ಇನ್ನೂ ಜಾಸ್ತಿ, ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಭೂಮಿಯ ಮೇಲಾದರೆ ಗುರುತ್ವದಿಂದ ಖಾಲಿ ಜಾಗ ಯಾವಾಗಲೂ ಮೇಲೆಯೇ ಇರುತ್ತದೆ. ಕಕ್ಷೆಯಲ್ಲಿ ಮೇಲೆ-ಕೆಳಗೆ ಎಂಬುದೇ ಇಲ್ಲ. ಗುಳ್ಳೆ ಎಲ್ಲಿ ಬೇಕಾದರೂ ಕೂರಬಹುದು.

ಅದು ಬಿಸಿಲು ಬೀಳುವ ಗೋಡೆಗೇ ಅಂಟಿ ಕೂತರೆ ಶಾಖ ಉಪ್ಪಿಗೆ ದಾಟುವುದಿಲ್ಲ, ಗೋಡೆಯ ಲೋಹ ಆ ಜಾಗದಲ್ಲಿ ಮಿತಿಮೀರಿ ಕಾಯುತ್ತದೆ. ಗುಳ್ಳೆ ಒಂದು ಕಡೆಯಿದ್ದು ಉಪ್ಪು ಇನ್ನೊಂದು ಕಡೆ ಕರಗತೊಡಗಿದರೆ ಹಿಗ್ಗಲು ಜಾಗ ಸಿಗದೆ ಡಬ್ಬಿ ಉಬ್ಬಬಹುದು, ಒಡೆಯಬಹುದು. ಇದನ್ನು ಭೂಮಿಯಲ್ಲಿ ಕೂತು ಪರೀಕ್ಷಿಸಲು ಬರುವುದಿಲ್ಲ. ಹಾಗಾಗಿ ನಾಸಾ 1994ರ ಮಾರ್ಚ್‌ನಲ್ಲಿ ಕೊಲಂಬಿಯಾ ನೌಕೆಯಲ್ಲಿ (ಎಸ್‌ಟಿಎಸ್-62) ಲಿಥಿಯಂ ಫ್ಲೋರೈಡ್ ಡಬ್ಬಿಯನ್ನೂ, 1995ರ ಸೆಪ್ಟೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ (ಎಸ್‌ಟಿಎಸ್-69) ಮಿಶ್ರ ಉಪ್ಪಿನ ಡಬ್ಬಿಯನ್ನೂ ಮೇಲಕ್ಕೆ ಕಳುಹಿಸಿ ಕರಗಿಸಿ, ಗಟ್ಟಿ ಮಾಡಿ, ವಾಪಸ್ ತಂದು ಗುಳ್ಳೆ ಎಲ್ಲಿ ಕೂತಿದೆ ಎಂದು ನೋಡಿತು. ಉಂಗುರದಾಕಾರದ ಒಂದೇ ದೊಡ್ಡ ಪಾತ್ರೆಯ ಬದಲು ಚಿಕ್ಕ ಚಿಕ್ಕ ಡಬ್ಬಿಗಳನ್ನು ಕೊಳವೆಯ ಸುತ್ತ ಪೋಣಿಸುವ ಉಪಾಯವೂ ಈ ಗುಳ್ಳೆಯ ಭಯದಿಂದ ಹುಟ್ಟಿದ್ದೇ. ಒಂದು ಡಬ್ಬಿ ಕೈಕೊಟ್ಟರೂ ಉಳಿದವು ನಡೆಯುತ್ತವೆ.

ತಯಾರಾಯಿತು, ಹಾರಲಿಲ್ಲ

1980ರ ದಶಕದಲ್ಲಿ ಅಮೆರಿಕ 'ಫ್ರೀಡಂ' ಹೆಸರಿನ ಬಾಹ್ಯಾಕಾಶ ನಿಲ್ದಾಣದ ನಕ್ಷೆ ಹಾಕುತ್ತಿದ್ದಾಗ ಸೌರ ಫಲಕಗಳ ಜತೆಗೆ 25 ಕಿಲೋವ್ಯಾಟ್ ಸಾಮರ್ಥ್ಯದ ಸೌರಶಾಖ ಘಟಕಗಳನ್ನೂ ಸೇರಿಸಿತ್ತು. ಕಾರಣ ಲೆಕ್ಕಾಚಾರದ್ದು. ಅಂದಿನ ಸಿಲಿಕಾನ್ ಫಲಕಗಳ ದಕ್ಷತೆ ಕಡಿಮೆ, ಹೀಗಾಗಿ ಅದೇ ವಿದ್ಯುತ್ತಿಗೆ ಅಗಲವಾದ ರೆಕ್ಕೆ ಬೇಕು. ಕೆಳ ಕಕ್ಷೆಯಲ್ಲಿ ತೆಳುವಾದ ವಾತಾವರಣ ಇನ್ನೂ ಇರುವುದರಿಂದ ಅಗಲ ರೆಕ್ಕೆ ಗಾಳಿಗೆ ಅಡ್ಡ ಬಂದು ನಿಲ್ದಾಣವನ್ನು ನಿಧಾನಕ್ಕೆ ಕೆಳಗೆಳೆಯುತ್ತದೆ. ಮತ್ತೆ ಮೇಲಕ್ಕೆತ್ತಲು ಇಂಧನ ಒಯ್ಯಬೇಕು. ಕನ್ನಡಿ ಚಿಕ್ಕದಾದರೆ ಈ ಖರ್ಚು ಉಳಿಯುತ್ತದೆ.

ಬಜೆಟ್ ಕತ್ತರಿಗೆ ಸಿಕ್ಕ ಫ್ರೀಡಂ ಕುಗ್ಗುತ್ತಾ ಹೋದಂತೆ ಸೌರಶಾಖ ಘಟಕಗಳು 'ಮುಂದೆ ನೋಡೋಣ' ಪಟ್ಟಿಗೆ ಸರಿದವು. ಆದರೂ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾ ಕೇಂದ್ರ 1990ರ ದಶಕದಲ್ಲಿ 2 ಕಿಲೋವ್ಯಾಟ್‌ನ ಪೂರ್ಣ ವ್ಯವಸ್ಥೆಯೊಂದನ್ನು ಕಟ್ಟಿತು. ದೈತ್ಯ ನಿರ್ವಾತ ಕೊಠಡಿ, ಕ್ಸೆನಾನ್ ದೀಪಗಳ ಕೃತಕ ಸೂರ್ಯ, ಕನ್ನಡಿ, ಉಪ್ಪು ತುಂಬಿದ ರಿಸೀವರ್, ಹೀಲಿಯಂ-ಕ್ಸೆನಾನ್ ಅನಿಲದ ಟರ್ಬೈನ್, ರೇಡಿಯೇಟರ್. ದೀಪ ಹಚ್ಚಿ ಆರಿಸಿ ಹಗಲು-ರಾತ್ರಿ ಮಾಡಿದರು. ಕತ್ತಲಲ್ಲೂ ಟರ್ಬೈನ್ ತಿರುಗಿತು, ನೂರಾರು ಗಂಟೆ ನಡೆಯಿತು. ಇದೇ ತಂತ್ರಜ್ಞಾನವನ್ನು ರಷ್ಯಾದ ಜತೆಗೂಡಿ 1997ರಲ್ಲಿ ಮೀರ್ ನಿಲ್ದಾಣಕ್ಕೆ ಜೋಡಿಸುವ ಯೋಜನೆಯೂ ಇತ್ತು. 1996ರಲ್ಲಿ ಅದು ರದ್ದಾಯಿತು.

ಸೋಲಿಸಿದ್ದು ಯಾರು? ಒಂದು, ತಿರುಗುವ ಯಂತ್ರದ ಬಗ್ಗೆ ಬಾಹ್ಯಾಕಾಶ ಎಂಜಿನಿಯರ್‌ಗಳಿಗಿರುವ ಸಹಜ ಹಿಂಜರಿಕೆ. ಮೇಲೆ ಕೆಟ್ಟರೆ ಮೆಕ್ಯಾನಿಕ್ ಸಿಗುವುದಿಲ್ಲ. ಇನ್ನೊಂದು, ಕನ್ನಡಿಯ ಗುರಿ. ಸೌರ ಫಲಕ ಸೂರ್ಯನಿಂದ ಐದಾರು ಡಿಗ್ರಿ ವಾರೆಯಾದರೂ ವಿದ್ಯುತ್ ಹೆಚ್ಚೇನೂ ಇಳಿಯುವುದಿಲ್ಲ. ಕನ್ನಡಿ ಒಂದು ಡಿಗ್ರಿ ತಪ್ಪಿದರೂ ಕಾದ ಬಿಸಿಲು ಕಿಂಡಿ ಬಿಟ್ಟು ಪಕ್ಕದ ಲೋಹದ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಎದುರಾಳಿ ಸುಮ್ಮನೆ ಕೂತಿರಲಿಲ್ಲ. ನೌಕೆಗಳ ಸೌರಕೋಶದ ದಕ್ಷತೆ ಶೇ 30ರ ಆಸುಪಾಸಿಗೆ ಏರಿತು, ಬ್ಯಾಟರಿ ಹಗುರವಾಯಿತು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2017ರಿಂದ 2021ರ ನಡುವೆ 48 ನಿಕಲ್-ಹೈಡ್ರೋಜನ್ ಬ್ಯಾಟರಿಗಳ ಜಾಗವನ್ನು 24 ಲಿಥಿಯಂ ಬ್ಯಾಟರಿಗಳು ತುಂಬಿದವು. ಕೆಳ ಕಕ್ಷೆಯ ಮಟ್ಟಿಗೆ ವಾದ ಮುಗಿದಂತೆಯೇ. ಆದಿತ್ಯ-ಎಲ್1ರಂತಹ ನೌಕೆಗೆ ನೆರಳೇ ಬೀಳದ ಕಾರಣ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಭೂಮಿಯ ಮೇಲೂ ಕಥೆ ಬೇರೆಯೇನಲ್ಲ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಪೂರ್ತಿ ಫಲಕಗಳದ್ದೇ. ಶಾಖ ಕೂಡಿಡುವ ಭಾರತೀಯ ಉದಾಹರಣೆ ಬೇಕೆಂದರೆ ರಾಜಸ್ಥಾನದ ಅಬು ರೋಡ್‌ನ 'ಇಂಡಿಯಾ ಒನ್' ಸ್ಥಾವರ ನೋಡಬೇಕು. ಅಲ್ಲಿ 60 ಚದರ ಮೀಟರ್‌ನ 770 ಬಟ್ಟಲು ಕನ್ನಡಿಗಳು ಬಿಸಿಲನ್ನು ಎರಕದ ಕಬ್ಬಿಣದ ಗಟ್ಟಿಗಳಲ್ಲಿ ತುಂಬಿ, ಸೂರ್ಯ ಮುಳುಗಿದ ಮೇಲೂ ಉಗಿ ಎಬ್ಬಿಸುತ್ತವೆ. ಸಾಮರ್ಥ್ಯ ಒಂದು ಮೆಗಾವ್ಯಾಟ್.

ಚಂದ್ರನಲ್ಲಿ ಲೆಕ್ಕ ಬದಲಾಗುವುದು ಹೇಗೆ?

35 ನಿಮಿಷದ ಕತ್ತಲಿಗೂ 354 ಗಂಟೆಯ ಕತ್ತಲಿಗೂ ಅಜಗಜಾಂತರ. ಮೇಲೆ ಹೇಳಿದ 7 ಯೂನಿಟ್ ಶಾಖವನ್ನು ಫ್ಲೋರೈಡ್ ಉಪ್ಪಿನಲ್ಲಿ ಒಯ್ಯುವುದಾದರೆ, ಕರಗುವ ಶಾಖವನ್ನಷ್ಟೇ ಲೆಕ್ಕ ಹಿಡಿದರೆ 30 ಕೆ.ಜಿ.ಗೂ ಹೆಚ್ಚು ಉಪ್ಪು ಬೇಕು. ಬ್ಯಾಟರಿಗಿಂತ ಕಡಿಮೆ, ಆದರೆ ಡಬ್ಬಿ, ಕನ್ನಡಿ ಸೇರಿದರೆ ಲಾಭ ಕರಗಿ ಹೋಗುತ್ತದೆ. ಹೀಗಾಗಿ ಉಪ್ಪು ಹೊತ್ತೊಯ್ಯುವ ದಾರಿ ಚಂದ್ರನಿಗೆ ಅಷ್ಟಾಗಿ ಹೊಂದುವುದಿಲ್ಲ ಎಂದೇ ಹೇಳಬೇಕು.

ಆದರೆ ಚಂದ್ರನಲ್ಲಿ ಕಕ್ಷೆಯಲ್ಲಿಲ್ಲದ ಒಂದು ವಸ್ತು ಕಾಲಡಿಯೇ ಬಿದ್ದಿದೆ: ಮಣ್ಣು. ಒಂದು ಟನ್ ಚಂದ್ರನ ಮಣ್ಣು 100 ಡಿಗ್ರಿ ತಣ್ಣಗಾಗುವಾಗ ಸುಮಾರು 22 ಯೂನಿಟ್ ಶಾಖ ಬಿಡುತ್ತದೆ. ಅದನ್ನು ರಾಕೆಟ್‌ನಲ್ಲಿ ಒಯ್ಯಬೇಕಿಲ್ಲ. ಹಗಲು ಕನ್ನಡಿಯಿಂದ ಮಣ್ಣಿನ ದಿಬ್ಬವನ್ನು ಕಾಯಿಸಿ, ರಾತ್ರಿ ರೋವರ್ ಅದರ ಮೇಲೆ ಬಂದು ನಿಂತು, ಶಾಖ ಆಕಾಶಕ್ಕೆ ಹಾರದಂತೆ ಹೊದಿಕೆ ಮುಚ್ಚಿಕೊಂಡರೆ? ನಾಸಾದ ಇದೇ ಕ್ಲೀವ್‌ಲ್ಯಾಂಡ್ ಕೇಂದ್ರದ ಸಂಶೋಧಕರು ಈ ಕಲ್ಪನೆಯ ಲೆಕ್ಕ ಹಾಕಿ ಅದಕ್ಕೆ 'ಥರ್ಮಲ್ ವಾಡಿ' ಎಂದು ಹೆಸರಿಟ್ಟಿದ್ದಾರೆ. ಪುಣೆಯವರು ವಾಡಿ ಎಂದರೆ ಊರಿನ ಕೇರಿ ಎಂದುಕೊಳ್ಳಬಹುದು. ಇದು ಅರಬ್ಬಿ ಪದ, ಮರುಭೂಮಿಯ ಕಣಿವೆ ಎಂದರ್ಥ.

ತೊಡಕು ಏನೆಂದು ಅಳೆದು ತೋರಿಸಿದ್ದು ನಮ್ಮ ವಿಕ್ರಮ್ ಲ್ಯಾಂಡರೇ. ಅದರಲ್ಲಿದ್ದ 'ಚಾಸ್ಟೆ' ಉಪಕರಣ ಹತ್ತು ತಾಪ ಸಂವೇದಕಗಳಿರುವ ಕಡ್ಡಿಯನ್ನು ಚಂದ್ರನ ನೆಲಕ್ಕೆ ಚುಚ್ಚಿತು. ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯ ಮತ್ತು ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯ ಸೇರಿ ರೂಪಿಸಿದ ಉಪಕರಣವಿದು. 2023ರ ಆಗಸ್ಟ್ 27ರಂದು ಇಸ್ರೋ ಪ್ರಕಟಿಸಿದ ಮೊದಲ ನಕ್ಷೆಯಲ್ಲಿ ಮೇಲ್ಮೈ 50 ಡಿಗ್ರಿಗಿಂತ ಬಿಸಿ, ಬರೀ 8 ಸೆಂಟಿಮೀಟರ್ ಆಳದಲ್ಲಿ ಮೈನಸ್ 10 ಡಿಗ್ರಿ. ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ 60 ಡಿಗ್ರಿಯ ಅಂತರ! ಆ ಪುಡಿಮಣ್ಣು ಶಾಖವನ್ನು ಒಳಕ್ಕೆ ಬಿಡುವುದೇ ಇಲ್ಲ. ಕಂಬಳಿಯಂತೆ ತಡೆಯುತ್ತದೆ.

ಆದ್ದರಿಂದ ಮಣ್ಣನ್ನು ಶಾಖದ ಖಜಾನೆ ಮಾಡಬೇಕಾದರೆ ಮೊದಲು ಅದನ್ನು ಗಟ್ಟಿ ಮಾಡಬೇಕು. ಸುಟ್ಟು ಇಟ್ಟಿಗೆಯಾಗಿಸಬೇಕು ಇಲ್ಲವೇ ಕರಗಿಸಿ ಕಲ್ಲಾಗಿಸಬೇಕು. ಗಟ್ಟಿ ಕಲ್ಲು ಪುಡಿಮಣ್ಣಿಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದರ ಸುತ್ತಲಿನ ಪುಡಿಮಣ್ಣು ಪುಕ್ಕಟೆ ಕಂಬಳಿ. ಈ ವಿದ್ಯೆಯ ಒಂದು ತುದಿ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ತಂಡ 2020ರಲ್ಲಿ ಚಂದ್ರನ ಮಣ್ಣಿನ ಅಣಕು ಪುಡಿ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಮತ್ತು ಬ್ಯಾಕ್ಟೀರಿಯಾ ಬಳಸಿ ಇಟ್ಟಿಗೆ ಮಾಡಿದ್ದನ್ನು ಪ್ರಕಟಿಸಿತ್ತು. ಆಮೇಲೆ ಸುಟ್ಟ ಇಟ್ಟಿಗೆಗಳಲ್ಲಿ ಬಿರುಕು ಬಿಟ್ಟರೆ ಬ್ಯಾಕ್ಟೀರಿಯಾದಿಂದಲೇ ತುಂಬುವ ಪ್ರಯೋಗವೂ ನಡೆಯಿತು. ಅಲ್ಲಿ ಉದ್ದೇಶ ಮನೆ ಕಟ್ಟುವುದು, ಶಾಖ ಕೂಡಿಡುವುದಲ್ಲ. ಆದರೆ ಹಗಲು ಸುಡು ಬಿಸಿಲು, ರಾತ್ರಿ ಕಡು ಚಳಿಗೆ ಒಡ್ಡಿಕೊಂಡ ಇಟ್ಟಿಗೆ ಬಿರುಕು ಬಿಡುವುದೇ ಎರಡೂ ಕಡೆಯ ತಲೆನೋವು. ಇಂತಹ ಪ್ರಯೋಗಕ್ಕೆ ಬೇಕಾದ ಅಣಕು ಮಣ್ಣನ್ನು ತಮಿಳುನಾಡಿನ ಸೇಲಂ ಸೀಮೆಯ ಸಿತ್ತಂಪೂಂಡಿಯ ಅನಾರ್ಥೊಸೈಟ್ ಶಿಲೆಯಿಂದ ತಯಾರಿಸುವ ವಿಧಾನಕ್ಕೆ ಇಸ್ರೋ ಪೇಟೆಂಟ್ ಪಡೆದಿದೆ.

ಪರಮಾಣು ಒಲೆಯೇ ಸುಲಭವಲ್ಲವೇ?

ಈವರೆಗೆ ಚಂದ್ರನ ರಾತ್ರಿಗಳನ್ನು ದಾಟಿದವರು ಹೆಚ್ಚಾಗಿ ನಂಬಿದ್ದು ಅದನ್ನೇ. 1970ರ ನವೆಂಬರ್‌ನಲ್ಲಿ ಇಳಿದ ಸೋವಿಯತ್ ಲುನೋಖೋದ್-1 ಬಂಡಿ ಪೊಲೋನಿಯಂ ಒಲೆಯ ಕಾವಿನಲ್ಲಿ, ಸೌರ ಫಲಕವಿದ್ದ ಮುಚ್ಚಳ ಮುಚ್ಚಿಕೊಂಡು ರಾತ್ರಿ ಕಳೆಯುತ್ತಿತ್ತು. ಚೀನಾದ ಚಾಂಗ್'ಇ-3 ಮತ್ತು 4ರಲ್ಲೂ ವಿಕಿರಣಶೀಲ ವಸ್ತುವಿನ ಶಾಖವೇ ಆಸರೆ. ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎರಡು ಪುಟ್ಟ ರೇಡಿಯೊಐಸೊಟೋಪ್ ಹೀಟರ್‌ಗಳು ಪರೀಕ್ಷೆಗೆಂದು ಹೋಗಿದ್ದವು. ವಿಕ್ರಮ್ ಮತ್ತು ಪ್ರಜ್ಞಾನ್‌ನಲ್ಲಿ ಇರಲಿಲ್ಲ.

ಒಲೆ ನೂರಕ್ಕೆ ನೂರು ನಂಬಿಕಸ್ಥ. ಆದರೆ ಸೂಕ್ತ ವಿಕಿರಣಶೀಲ ವಸ್ತು ಜಗತ್ತಿನಲ್ಲೇ ಕಡಿಮೆ, ದುಬಾರಿ, ಉಡಾವಣೆ ವೇಳೆ ಅವಘಡವಾದರೆ ಎಂಬ ಚಿಂತೆ ಬೇರೆ. ಒಂದೆರಡು ರೋವರ್‌ಗೆ ಸರಿ, ನಾಳೆ ಹತ್ತಾರು ಯಂತ್ರಗಳಿರುವ ನೆಲೆಗೆ ಸಾಲದು. ಅದೃಷ್ಟವೂ ಕೆಲವೊಮ್ಮೆ ಕೈಹಿಡಿಯುತ್ತದೆ. 2024ರ ಜನವರಿಯಲ್ಲಿ ಇಳಿದ ಜಪಾನಿನ ಸ್ಲಿಮ್ ಲ್ಯಾಂಡರ್ ರಾತ್ರಿಗೆಂದು ರೂಪಿಸಿದ್ದಲ್ಲವಾದರೂ ಮೂರು ರಾತ್ರಿ ದಾಟಿ ಎದ್ದು ಸಂಪರ್ಕಕ್ಕೆ ಬಂತು. ಅದನ್ನು ನೆಚ್ಚಿಕೊಂಡು ಯಾರೂ ಯೋಜನೆ ಹಾಕುವುದಿಲ್ಲ.

ಶಾಖ ಕೂಡಿಡುವ ಲೆಕ್ಕಕ್ಕೆ ಅನುಕೂಲವಾಗುವ ಇನ್ನೊಂದು ಅಂಶವೆಂದರೆ ಜಾಗದ ಆಯ್ಕೆ. ದಕ್ಷಿಣ ಧ್ರುವಕ್ಕೆ ತೀರಾ ಹತ್ತಿರದ ಕೆಲವು ಎತ್ತರದ ಅಂಚುಗಳಲ್ಲಿ ವರ್ಷದ ಬಹುಪಾಲು ಬಿಸಿಲಿರುತ್ತದೆ, ಕತ್ತಲು ಬಂದರೂ ಕೆಲವೇ ದಿನ. 14 ದಿನಕ್ಕೆ ಬೇಕಾದ ದಿಬ್ಬ ಅಲ್ಲಿ ಮೂರ್ನಾಲ್ಕು ದಿನದ್ದಾದರೂ ನಡೆಯುತ್ತದೆ. ಆದರೆ ಅಲ್ಲಿ ಸೂರ್ಯ ದಿಗಂತಕ್ಕೆ ಅಂಟಿಕೊಂಡೇ ಸುತ್ತುತ್ತಾನೆ, ಹಾಗಾಗಿ ಕನ್ನಡಿ ನೆಟ್ಟಗೆ ನಿಂತು ತಿರುಗುತ್ತಿರಬೇಕು. ಚಂದ್ರನ ಚೂಪು ದೂಳು ಕನ್ನಡಿಯ ಮೇಲೆ ಕೂರದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ.

ಭಾರತದ ಮುಂದಿನ ಚಾಂದ್ರ ಯೋಜನೆಗಳಲ್ಲಿ ಮಾದರಿ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 18ರಂದು 2,104.06 ಕೋಟಿ ರೂಪಾಯಿ ಮಂಜೂರು ಮಾಡಿದೆ. ಜಪಾನ್ ಜತೆಗಿನ ಚಂದ್ರಯಾನ-5ಕ್ಕೆ ಒಪ್ಪಿಗೆ ಸಿಕ್ಕಿರುವುದಾಗಿ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ 2025ರ ಮಾರ್ಚ್‌ನಲ್ಲಿ ತಿಳಿಸಿದ್ದರು. ಅವರ ಪ್ರಕಾರ ಅದರ ರೋವರ್ 250 ಕೆ.ಜಿ. ತೂಕದ್ದು, ಪ್ರಜ್ಞಾನ್‌ಗಿಂತ ಸುಮಾರು ಹತ್ತು ಪಟ್ಟು. ಧ್ರುವ ಪ್ರದೇಶದ ಮಣ್ಣು ಕೊರೆದು ನೀರಿನ ಕುರುಹು ಹುಡುಕುವುದು ಅದರ ಕೆಲಸ. ಲ್ಯಾಂಡರ್ ಇಸ್ರೋದ್ದು, ರೋವರ್ ಮತ್ತು ರಾಕೆಟ್ ಜಪಾನಿನದು.